ತಡವಾಗಿ ಮುಖ ತೋರುವ ರೋಗ: ಕಾಡುಜಿಂಕೆಗಳ ಸೊರಗು ಕಾಯಿಲೆಯ ಕಾವಲಿನ ಚರಿತ್ರೆ

ಉತ್ತರ ಅಮೆರಿಕದ ಜಿಂಕೆ ವರ್ಗದ ಪ್ರಾಣಿಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಹರಡುತ್ತಿರುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಕಾಯಿಲೆಗೆ ಕನ್ನಡದಲ್ಲಿ ಸೊರಗು ರೋಗ ಎಂಬ ಹೆಸರು ಸಹಜವಾಗಿ ಒಪ್ಪುತ್ತದೆ. ಬಾಳೆ ಮತ್ತು ಕಾಳುಮೆಣಸಿನ ತೋಟಗಳಲ್ಲಿ ರೈತರು ಆ ಹೆಸರಿನಿಂದ ಗುರುತಿಸುವ ಬೇನೆಯಂತೆಯೇ ಇಲ್ಲಿಯೂ ಒಳಗಿನ ಕೇಡು ಬಹಳ ಮುಂದುವರಿದ ಮೇಲಷ್ಟೇ ಹೊರಗಿನ ಬಾಡುವಿಕೆ ಕಣ್ಣಿಗೆ ಬೀಳುತ್ತದೆ. ರೋಗ ತಗುಲಿದ ಜಿಂಕೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಆರೋಗ್ಯವಾಗಿರುವಂತೆಯೇ ಮೇಯುತ್ತದೆ, ಬೆದೆಗೆ ಬರುತ್ತದೆ, ಹಿಂಡಿನೊಡನೆ ಓಡಾಡುತ್ತದೆ. ಅನಂತರ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಮೈ ಇಳಿದು, ತಲೆ ತಗ್ಗಿ, ಕಿವಿ ಜೋತು, ಜೊಲ್ಲು ಸುರಿಸುತ್ತ, ಮನುಷ್ಯರ ಭಯವನ್ನೂ ಮರೆತು ನಿಂತು ಸಾಯುತ್ತದೆ. ಈ ರೋಗಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ, ತಗುಲಿದ ಬಳಿಕ ಬದುಕಿ ಉಳಿದ ಪ್ರಾಣಿಯೂ ಇಲ್ಲ. ಹೀಗಾಗಿ ಇದರ ಚರಿತ್ರೆಯೆಂದರೆ ಬಹುಮಟ್ಟಿಗೆ ಚಿಕಿತ್ಸೆಯ ಚರಿತ್ರೆಯಲ್ಲ, ಕಾವಲಿನ ಚರಿತ್ರೆ; ರೋಗ ಎಲ್ಲಿದೆ, ಎಷ್ಟಿದೆ, ಎತ್ತ ಸಾಗುತ್ತಿದೆ ಎಂಬುದನ್ನು ತಿಳಿಯಲು ಸರ್ಕಾರಗಳೂ ವಿಜ್ಞಾನಿಗಳೂ ಬೇಟೆಗಾರರೂ ಕೂಡಿ ಕಟ್ಟಿದ, ಕೆಲವೊಮ್ಮೆ ಕೆಡವಿಕೊಂಡ, ಒಂದು ಏರ್ಪಾಡಿನ ಕಥೆ.

ಕಾಡುಪ್ರಾಣಿಗಳ ರೋಗವನ್ನು ಕಾಯುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದಾಗಲೇ ಮಂಗನ ಕಾಯಿಲೆಯ ಪತ್ತೆಯಾಯಿತು, ಮತ್ತು ಅಂದಿನಿಂದ ಮಲೆನಾಡಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸುವುದೇ ಕಾವಲಿನ ಮೊದಲ ಮೆಟ್ಟಿಲಾಗಿದೆ. ಅಲ್ಲಿ ಪ್ರಾಣಿಯ ಸಾವೇ ಎಚ್ಚರಿಕೆಯ ಗಂಟೆ. ಸೊರಗು ರೋಗದಲ್ಲಿ ಅಂಥ ಗಂಟೆಯೇ ಇಲ್ಲ. ಬಡಕಲಾದ ಜಿಂಕೆಯನ್ನು ಬೆಕ್ಕಿನ ಕುಟುಂಬಕ್ಕೆ ಸೇರಿದ ಪ್ಯೂಮಾ ಹಿಡಿಯುತ್ತದೆ, ರಸ್ತೆಯಲ್ಲಿ ವಾಹನ ಬಡಿಯುತ್ತದೆ, ಇಲ್ಲವೇ ಅದು ಪೊದೆಯೊಂದರಲ್ಲಿ ಒಂಟಿಯಾಗಿ ಬಿದ್ದು ಕೊಳೆಯುತ್ತದೆ. ಸತ್ತದ್ದನ್ನು ಎಣಿಸಿ ರೋಗದ ಅಳತೆ ಹಿಡಿಯಲು ಬರುವುದಿಲ್ಲವಾದ್ದರಿಂದ, ಆರೋಗ್ಯವಾಗಿ ಕಾಣುವ ಪ್ರಾಣಿಗಳ ಒಳಗನ್ನೇ ತೆರೆದು ನೋಡಬೇಕಾಗುತ್ತದೆ. ಈ ಒಂದು ಕಾರಣದಿಂದಲೇ ಇಡೀ ಕಾವಲು ಬೇಟೆಗಾರನ ಕೈಯಲ್ಲಿ ನಿಂತಿತು.

ರೋಗದ ಮೊದಲ ದಾಖಲೆ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಪಟ್ಟಣದ ಬಳಿಯ ವನ್ಯಜೀವಿ ಸಂಶೋಧನಾ ಕೇಂದ್ರದ್ದು. ಹೇಸರಗತ್ತೆಯಂಥ ಅಗಲ ಕಿವಿಗಳಿರುವುದರಿಂದ ಮ್ಯೂಲ್ ಡೀರ್ ಎಂದು ಕರೆಯಲಾಗುವ ಜಿಂಕೆಗಳನ್ನು ಅಲ್ಲಿ ಬೇಲಿಯೊಳಗೆ ಸಾಕಿ, ಅವುಗಳ ಆಹಾರದ ಬಗ್ಗೆ ಅಧ್ಯಯನ ನಡೆಸಲಾಗುತ್ತಿತ್ತು. 1967ರಿಂದ ಈ ಜಿಂಕೆಗಳು ತಿನ್ನುತ್ತಿದ್ದರೂ ಕರಗುತ್ತ ಹೋಗಿ ಸಾಯತೊಡಗಿದವು. ಮೇವಿನಲ್ಲಿ ಯಾವುದೋ ಖನಿಜ ಕಡಿಮೆಯಾಗಿರಬಹುದು, ಯಾವುದೋ ವಿಷ ಸೇರಿರಬಹುದು, ಕಾಡಿನ ಪ್ರಾಣಿಗೆ ಸೆರೆವಾಸದ ಒತ್ತಡ ತಡೆಯದಾಗಿರಬಹುದು ಎಂದು ಬೇರೆ ಬೇರೆ ಊಹೆಗಳು ಬಂದವು. ಲಕ್ಷಣಗಳನ್ನಷ್ಟೇ ಹೇಳಿ ಕಾರಣವನ್ನು ಹೇಳದ ಆ ಹೆಸರು ಹುಟ್ಟಿದ್ದೂ ಈ ಅನಿಶ್ಚಯದ ವರ್ಷಗಳಲ್ಲೇ. ಹತ್ತು ವರ್ಷ ಹೀಗೆ ಕಳೆಯಿತು. ಆ ಅವಧಿಯಲ್ಲಿ ಪ್ರಾಣಿಗಳು ಒಂದು ಕೇಂದ್ರದಿಂದ ಇನ್ನೊಂದಕ್ಕೆ, ಮೃಗಾಲಯದಿಂದ ಮೃಗಾಲಯಕ್ಕೆ ಸಾಗುತ್ತಲೇ ಇದ್ದವು ಎಂಬುದು ಈ ಚರಿತ್ರೆಯ ಅತ್ಯಂತ ದುಃಖದ ಭಾಗ. 1970ರ ದಶಕದಲ್ಲಿ ಕೆನಡಾದ ಟೊರಾಂಟೊ ಮೃಗಾಲಯದಲ್ಲಿ ಸತ್ತ ಮ್ಯೂಲ್ ಡೀರ್‌ಗಳೂ ಇದೇ ರೋಗದಿಂದ ಸತ್ತಿದ್ದವೆಂಬುದು ಕಾದಿರಿಸಿದ್ದ ಅಂಗಾಂಶಗಳನ್ನು ದಶಕಗಳ ಬಳಿಕ ಮರುಪರೀಕ್ಷೆ ಮಾಡಿದಾಗ ತಿಳಿಯಿತು.

ಗಂಟು ಬಿಚ್ಚಿದವರು ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಶುರೋಗಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದ ಎಲಿಜಬೆತ್ ವಿಲಿಯಮ್ಸ್. 1970ರ ದಶಕದ ಕೊನೆಯಲ್ಲಿ ಅವರು ಸತ್ತ ಜಿಂಕೆಗಳ ಮೆದುಳಿನ ತೆಳು ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನರಕೋಶಗಳ ನಡುವೆ ಸ್ಪಂಜಿನಲ್ಲಿರುವಂಥ ಸಣ್ಣ ಸಣ್ಣ ತೂತುಗಳು ಕಂಡವು. ಕುರಿಗಳಲ್ಲಿ ಹದಿನೆಂಟನೆಯ ಶತಮಾನದಿಂದಲೂ ಯುರೋಪಿನಲ್ಲಿ ಪರಿಚಿತವಾಗಿದ್ದ ಸ್ಕ್ರೇಪಿ ಎಂಬ ರೋಗದ ಗುರುತು ಅದೇ ಆಗಿತ್ತು. ವಿಲಿಯಮ್ಸ್ ಮತ್ತು ಅವರ ಹಿರಿಯ ಸಹೋದ್ಯೋಗಿ ಸ್ಟುವರ್ಟ್ ಯಂಗ್ 1980ರಲ್ಲಿ ಪ್ರಕಟಿಸಿದ ಲೇಖನವು ಜಿಂಕೆಗಳ ಈ ಕಾಯಿಲೆಯನ್ನು ಸ್ಪಂಜುಮೆದುಳಿನ ರೋಗಗಳ ಗುಂಪಿಗೆ ಸೇರಿಸಿತು. ಎರಡು ವರ್ಷಗಳ ಬಳಿಕ ಅವರು ಕಡವೆಗಿಂತ ದೊಡ್ಡ ಮೈಕಟ್ಟಿನ ಎಲ್ಕ್ ಎಂಬ ಸಾರಂಗದಲ್ಲೂ ಇದನ್ನು ವರ್ಣಿಸಿದರು. ಮುಂದೆ ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ವಿಲಿಯಮ್ಸ್, ಅದೇ ರಾಜ್ಯದ ವನ್ಯಜೀವಿ ಪಶುವೈದ್ಯರಾಗಿದ್ದ ತಮ್ಮ ಪತಿ ಟಾಮ್ ಥಾರ್ನ್ ಅವರೊಡನೆ 2004ರ ಡಿಸೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಈ ರೋಗದ ಬೆನ್ನು ಬಿಡಲಿಲ್ಲ. ಸೊರಗು ರೋಗದ ಬಗ್ಗೆ ಇಂದು ತಿಳಿದಿರುವುದರ ಅಡಿಪಾಯವನ್ನು ಹಾಕಿದವರು ಅವರೇ ಎಂದರೆ ಅತಿಶಯವಲ್ಲ.

1982ರಲ್ಲಿ ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್ ಪ್ರಿಯಾನ್ ಎಂಬ ಪದವನ್ನು ಬಳಕೆಗೆ ತಂದ ಮೇಲೆ ರೋಗಕಾರಕದ ಸ್ವರೂಪವೂ ನಿಧಾನವಾಗಿ ಸ್ಪಷ್ಟವಾಯಿತು. ಪ್ರಿಯಾನ್ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ; ಪ್ರಾಣಿಯ ದೇಹದಲ್ಲಿ ಸಹಜವಾಗಿರುವ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು, ತನ್ನ ಪಕ್ಕದ ಪ್ರೋಟೀನುಗಳನ್ನೂ ಅದೇ ತಪ್ಪು ಮಡಿಕೆಗೆ ಎಳೆಯುತ್ತ ಹೋದಾಗ ಅದು ಪ್ರಿಯಾನ್ ಎನಿಸುತ್ತದೆ. ಜೀವವೇ ಇಲ್ಲದ್ದನ್ನು ಕೊಲ್ಲುವುದು ಎಷ್ಟು ಕಷ್ಟವೆಂಬುದು ಫೋರ್ಟ್ ಕಾಲಿನ್ಸ್ ಕೇಂದ್ರಕ್ಕೆ ಅನುಭವದಿಂದಲೇ ತಿಳಿಯಿತು. 1980ರ ದಶಕದ ನಡುವಿನಲ್ಲಿ ಅಲ್ಲಿನ ಜಿಂಕೆಗಳನ್ನೂ ಎಲ್ಕ್‌ಗಳನ್ನೂ ಪೂರ್ತಿಯಾಗಿ ಕೊಂದು, ನೆಲವನ್ನು ಉತ್ತು, ಕಟ್ಟಡಗಳಿಗೂ ಹುಲ್ಲುಗಾವಲಿಗೂ ಕ್ಲೋರಿನ್ ದ್ರಾವಣವನ್ನು ಮತ್ತೆ ಮತ್ತೆ ಸಿಂಪಡಿಸಿ, ಒಂದು ವರ್ಷ ಖಾಲಿ ಬಿಟ್ಟು, ಬಳಿಕ ಹೊಸದಾಗಿ ಎಲ್ಕ್ ಮರಿಗಳನ್ನು ತಂದು ಬಿಡಲಾಯಿತು. ಐದು ವರ್ಷ ಕಳೆಯುವುದರೊಳಗೆ ಅವುಗಳಲ್ಲಿ ಎರಡು ಇದೇ ರೋಗಕ್ಕೆ ತುತ್ತಾದವು. ಮಣ್ಣೇ ರೋಗವನ್ನು ಹಿಡಿದಿಟ್ಟುಕೊಳ್ಳುತ್ತದೆಂಬ ಸಂದೇಹ ಅಂದು ಹುಟ್ಟಿತು. ರೋಗಗ್ರಸ್ತ ಪ್ರಾಣಿಗಳು ಎರಡು ವರ್ಷಗಳ ಹಿಂದೆ ಇದ್ದುಹೋದ ಬೇಲಿಯೊಳಗೆ ಬಿಟ್ಟ ಆರೋಗ್ಯವಂತ ಜಿಂಕೆಗಳಿಗೂ, ಅಂಥದೇ ಹಳೆಯ ಕಳೇಬರ ಕೊಳೆತುಹೋದ ಜಾಗದಲ್ಲಿ ಬಿಟ್ಟವಕ್ಕೂ ಸೋಂಕು ತಗುಲಿತೆಂದು 2004ರಲ್ಲಿ ಸಂಶೋಧಕ ಮೈಕೇಲ್ ಮಿಲ್ಲರ್, ವಿಲಿಯಮ್ಸ್ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿದಾಗ ಆ ಸಂದೇಹ ದೃಢವಾಯಿತು.

ಬೇಲಿಯ ಹೊರಗೆ ರೋಗ ಮೊದಲು ಕಂಡದ್ದು 1981ರಲ್ಲಿ, ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಕಾಡು ಎಲ್ಕ್ ಒಂದರಲ್ಲಿ. ಆ ದಶಕ ಮುಗಿಯುವುದರೊಳಗೆ ಕೊಲೊರಾಡೊದ ಈಶಾನ್ಯ ಭಾಗ ಮತ್ತು ಅದಕ್ಕೆ ಹೊಂದಿದ ವಯೋಮಿಂಗ್‌ನ ಆಗ್ನೇಯ ಭಾಗದ ಕಾಡು ಜಿಂಕೆಗಳಲ್ಲೂ ಅದು ಸಿಕ್ಕಿತು. ಬೇಲಿಯಿಂದ ಕಾಡಿಗೆ ಹೋಯಿತೋ, ಕಾಡಿನಿಂದ ಬೇಲಿಯೊಳಗೆ ಬಂದಿತೋ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಆರಂಭದಲ್ಲಿ ಕಾವಲೆಂದರೆ ಸೊರಗಿದ ಪ್ರಾಣಿ ಕಂಡಾಗ ಅದನ್ನು ಹೊಡೆದು ಪರೀಕ್ಷಿಸುವುದಷ್ಟೇ ಆಗಿತ್ತು. ರೋಗವಿದೆಯೇ ಎಂಬುದು ಅದರಿಂದ ತಿಳಿಯುತ್ತಿತ್ತೇ ಹೊರತು ಎಷ್ಟಿದೆ ಎಂಬುದು ತಿಳಿಯುತ್ತಿರಲಿಲ್ಲ. ಆದ್ದರಿಂದ 1990ರ ದಶಕದಲ್ಲಿ ಎರಡೂ ರಾಜ್ಯಗಳು ಬೇಟೆಗಾರರನ್ನು ಆಶ್ರಯಿಸಿದವು. ಅಮೆರಿಕದಲ್ಲಿ ಶರತ್ಕಾಲದ ಜಿಂಕೆ ಬೇಟೆ ಪರವಾನಗಿ ಪಡೆದು ನಡೆಸುವ, ತಲೆಮಾರುಗಳಿಂದ ಬಂದ ರೂಢಿ. ಅದರ ಮಾಂಸ ಮನೆಯ ಅಡುಗೆಗೆ, ಕೊಂಬಿನ ತಲೆ ಗೋಡೆಗೆ. ಹೊಡೆದ ಜಿಂಕೆಯ ತಲೆಯನ್ನು ತನಿಖಾ ಕೇಂದ್ರಕ್ಕೆ ತಂದೊಪ್ಪಿಸುವಂತೆ ಬೇಟೆಗಾರರಿಗೆ ಸೂಚಿಸಲಾಯಿತು. ಸತ್ತ ಪ್ರಾಣಿಯ ತೊಗಲಿಗೆ ಒಳತುಂಬಿ ಜೀವಂತವಿದ್ದಂತೆ ನಿಲ್ಲಿಸುವ ಟ್ಯಾಕ್ಸಿಡರ್ಮಿ ಕಸುಬಿನವರು, ಮೈಸೂರಿನವರು ವ್ಯಾನ್ ಇಂಗೆನ್ ಹೆಸರಿನೊಡನೆ ನೆನೆಯುವ ಆ ಕಸುಬಿನವರೇ, ಮುಂದೆ ಹಲವು ರಾಜ್ಯಗಳಲ್ಲಿ ಮಾದರಿ ಸಂಗ್ರಹಿಸುವ ಕೈಗಳಾದರು, ಏಕೆಂದರೆ ವಯಸ್ಸಾದ ಗಂಡುಜಿಂಕೆಗಳ ತಲೆಗಳು ತಾವಾಗಿಯೇ ಸೇರುತ್ತಿದ್ದುದು ಅವರ ಅಂಗಡಿಗಳಿಗೆ.

ತಲೆಯಿಂದ ತೆಗೆಯಬೇಕಾದದ್ದು ಎರಡು ತುಣುಕು. ಒಂದು, ಮೆದುಳಿನ ಕಾಂಡವು ಬೆನ್ನುಹುರಿಯನ್ನು ಸೇರುವಲ್ಲಿ ಒಬೆಕ್ಸ್ ಎಂದು ಕರೆಯುವ ಚಿಕ್ಕ ಭಾಗ. ಇನ್ನೊಂದು, ಗಂಟಲಿನ ಹಿಂದಿರುವ ದುಗ್ಧಗ್ರಂಥಿ, ಅಂದರೆ ರೋಗನಿರೋಧಕ ಕೋಶಗಳು ನೆಲೆಸಿರುವ ಗಂಟು. ಜಿಂಕೆಗಳಲ್ಲಿ ಪ್ರಿಯಾನ್ ಮೆದುಳನ್ನು ಮುಟ್ಟುವ ತಿಂಗಳುಗಳ ಮೊದಲೇ ಈ ಗಂಟಿನಲ್ಲಿ ಶೇಖರವಾಗುತ್ತದಾದ್ದರಿಂದ, ಗ್ರಂಥಿಯ ಪರೀಕ್ಷೆ ಬಳಕೆಗೆ ಬಂದದ್ದೇ ಕಾವಲಿನ ಕಣ್ಣನ್ನು ಬಹಳಷ್ಟು ಚುರುಕುಗೊಳಿಸಿತು. ತಪ್ಪಾಗಿ ಮಡಚಿದ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಹಾಯಿಸಿ, ಅದು ಇರುವಲ್ಲಿ ಬಣ್ಣ ಮೂಡಿಸುವ ವಿಧಾನವು ಪ್ರಮಾಣಭೂತವಾಯಿತು. ನೂರಾರು ಮಾದರಿಗಳನ್ನು ಒಟ್ಟಿಗೆ ನೋಡಬಲ್ಲ ಎಲೈಸಾ ಪರೀಕ್ಷೆ ಅನಂತರ ಬಂತು. ಹೀಗೆ ಬೇಟೆಗಾರರು ತಂದ ತಲೆಗಳಿಂದಲೇ 1996ರಿಂದ 1999ರವರೆಗೆ ಎರಡು ರಾಜ್ಯಗಳ ರೋಗಪೀಡಿತ ಪ್ರದೇಶದಲ್ಲಿ ಮೊದಲ ವ್ಯವಸ್ಥಿತ ಎಣಿಕೆ ನಡೆದು, ಮ್ಯೂಲ್ ಡೀರ್‌ಗಳಲ್ಲಿ ಶೇ. 4.9, ಬಿಳಿಬಾಲದ ಜಿಂಕೆಗಳಲ್ಲಿ ಶೇ. 2.1, ಎಲ್ಕ್‌ಗಳಲ್ಲಿ ಶೇ. 0.5ರಷ್ಟು ಸೋಂಕಿದೆಯೆಂದು 2000ರಲ್ಲಿ ಪ್ರಕಟವಾಯಿತು.

ಈ ಅಂಕಿಗಳು ಹೊರಬಂದ ಕಾಲಕ್ಕೆ ಲೋಕದ ದೃಷ್ಟಿ ಬದಲಾಗಿತ್ತು. ಬ್ರಿಟನ್ನಿನ ಹುಚ್ಚು ಹಸು ರೋಗವು, ಅದೂ ಒಂದು ಪ್ರಿಯಾನ್ ರೋಗವೇ, ಮಾಂಸದ ಮೂಲಕ ಮನುಷ್ಯರಿಗೂ ದಾಟಿರುವಂತಿದೆಯೆಂದು 1996ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಒಪ್ಪಿಕೊಂಡ ಮೇಲೆ, ಜಿಂಕೆಮಾಂಸ ಉಣ್ಣುವ ಲಕ್ಷಾಂತರ ಅಮೆರಿಕನ್ ಕುಟುಂಬಗಳ ಮನಸ್ಸಿನಲ್ಲಿ ಅದೇ ಪ್ರಶ್ನೆ ಎದ್ದಿತು. ಸೊರಗು ರೋಗ ಮನುಷ್ಯರಿಗೆ ಹರಡಿದ ಒಂದೂ ಖಚಿತ ಪ್ರಕರಣ ಈವರೆಗೆ ದಾಖಲಾಗಿಲ್ಲ. ಆದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬಾರದೆಂದು ಆರೋಗ್ಯ ಸಂಸ್ಥೆಗಳು ಹೇಳುತ್ತ ಬಂದಿವೆ. ಅದೇ 1996ರಲ್ಲಿ ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದಲ್ಲಿ, ಕೊಂಬು ಮತ್ತು ಮಾಂಸಕ್ಕಾಗಿ ಎಲ್ಕ್ ಸಾಕುವ ಫಾರಂ ಒಂದರಲ್ಲಿ ರೋಗ ಸಿಕ್ಕಿತು. ಅಮೆರಿಕದಿಂದ ತಂದ ಪ್ರಾಣಿಗಳೊಡನೆ ಬಂದಿದ್ದ ರೋಗ ಅಲ್ಲಿಂದ ರಫ್ತಾದ ಎಲ್ಕ್‌ಗಳೊಡನೆ ಶಾಂತಸಾಗರವನ್ನೂ ದಾಟಿ 2001ರಲ್ಲಿ ದಕ್ಷಿಣ ಕೊರಿಯಾದಲ್ಲಿ ಪತ್ತೆಯಾಯಿತು. ಕಾಡಿನಲ್ಲಿ ಜಿಂಕೆಯ ನಡಿಗೆಯ ವೇಗದಲ್ಲಿ ಹರಡುವ ರೋಗಕ್ಕೆ ವ್ಯಾಪಾರವು ಲಾರಿಯ, ಹಡಗಿನ ವೇಗವನ್ನು ಕೊಟ್ಟಿತ್ತು.

ಕಾವಲಿನ ಚರಿತ್ರೆಯ ಅತಿ ಕಠಿಣ ಅಧ್ಯಾಯ ವಿಸ್ಕಾನ್ಸಿನ್ ರಾಜ್ಯದ್ದು. 2001ರ ನವೆಂಬರಿನಲ್ಲಿ ಮೌಂಟ್ ಹೊರೆಬ್ ಪಟ್ಟಣದ ಸುತ್ತಮುತ್ತ ಬೇಟೆಯಾದ ಮೂರು ಗಂಡುಜಿಂಕೆಗಳ ಮಾದರಿಗಳಲ್ಲಿ ರೋಗವಿರುವುದು 2002ರ ಫೆಬ್ರವರಿ 28ರಂದು ಪ್ರಕಟವಾಯಿತು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಇದು ಮೊದಲ ಪತ್ತೆ. ಅದೂ ಜಿಂಕೆಗಳು ಅತಿ ದಟ್ಟವಾಗಿರುವ, ಜಿಂಕೆ ಬೇಟೆಯ ವಾರವನ್ನು ಇಡೀ ರಾಜ್ಯವೇ ಹಬ್ಬದಂತೆ ಎದುರು ನೋಡುವ ನೆಲದಲ್ಲಿ. ರಾಜ್ಯದ ಅಧಿಕಾರಿಗಳು ಆತಂಕಪಟ್ಟದ್ದರಲ್ಲಿ ತಪ್ಪಿರಲಿಲ್ಲ. ರೋಗದ ಕೇಂದ್ರವನ್ನು ನಿರ್ಮೂಲನ ವಲಯವೆಂದು ಘೋಷಿಸಿ, ಅಲ್ಲಿನ ಜಿಂಕೆಗಳನ್ನು ಆದಷ್ಟೂ ಇಲ್ಲವಾಗಿಸುವ ಗುರಿಯಿಟ್ಟು, ಬೇಟೆಯ ಕಾಲವನ್ನು ತಿಂಗಳುಗಟ್ಟಲೆ ವಿಸ್ತರಿಸಿದರು. ಜಿಂಕೆಗಳನ್ನು ಒಂದೆಡೆ ಗುಂಪುಗೂಡಿಸುವ ಕಾಳು ಚೆಲ್ಲುವ ರೂಢಿಗೆ ನಿಷೇಧ ಬಂತು, ಸರ್ಕಾರಿ ಗುರಿಕಾರರೂ ಕಾಡಿಗಿಳಿದರು. ಆ ಒಂದೇ ವರ್ಷ ರಾಜ್ಯದಾದ್ಯಂತ 40,000ಕ್ಕೂ ಹೆಚ್ಚು ಜಿಂಕೆಗಳ ಪರೀಕ್ಷೆ ನಡೆಯಿತು. ಅಲ್ಲಿಯವರೆಗೆ ಕಾಡುಪ್ರಾಣಿಗಳ ರೋಗವೊಂದಕ್ಕೆ ಇಷ್ಟು ದೊಡ್ಡ ತಪಾಸಣೆ ವಿರಳ.

ಆದರೆ ಆ ವಲಯದ ನೆಲ ಬಹುಪಾಲು ಖಾಸಗಿ ರೈತರದ್ದು, ಬಂದೂಕುಗಳು ಬೇಟೆಗಾರರವು. ತಿನ್ನುವುದಕ್ಕಲ್ಲದೆ, ಕೊಂದು ಸುಡುವುದಕ್ಕೆ ಜಿಂಕೆಯನ್ನು ಹೊಡೆಯಬೇಕೆಂಬ ಮಾತು ಬೇಟೆಯ ನೀತಿಯನ್ನೇ ಬುಡಮೇಲು ಮಾಡಿದಂತೆ ಅವರಿಗೆ ತೋರಿತು. ತಾವು ಆರೋಗ್ಯವಾಗಿಯೇ ಕಾಣುತ್ತಿರುವ ಹಿಂಡನ್ನು ಅಜ್ಜಂದಿರ ಕಾಲದಿಂದ ಕಾಪಾಡಿಕೊಂಡು ಬಂದವರು ಎಂಬ ಹೆಮ್ಮೆಯಿದ್ದವರಿಗೆ, ಕಣ್ಣಿಗೆ ಕಾಣದ ರೋಗಕ್ಕಾಗಿ ಆ ಹಿಂಡನ್ನೇ ಅಳಿಸಬೇಕೆಂಬ ವಾದ ಒಗ್ಗಲಿಲ್ಲ. ಮೊದಲ ವರ್ಷವೇ ಬೇಟೆಯ ಪರವಾನಗಿಗಳ ಮಾರಾಟ ಸುಮಾರು ಹತ್ತನೆಯ ಒಂದು ಪಾಲು ಕುಸಿಯಿತು. ವರ್ಷದಿಂದ ವರ್ಷಕ್ಕೆ ವಿರೋಧ ಬೆಳೆದು, 2007ರ ಬಳಿಕ ರಾಜ್ಯವು ಆಕ್ರಮಣದ ನೀತಿಯನ್ನು ಸಡಿಲಿಸಿ, ನಿರ್ಮೂಲನದ ಗುರಿಯನ್ನು ಕೈಬಿಟ್ಟು ಮೇಲ್ವಿಚಾರಣೆಗೆ ಸೀಮಿತವಾಯಿತು. ರೋಗದ ಕೇಂದ್ರಪ್ರದೇಶದಲ್ಲಿ 2002ರಲ್ಲಿ ಪ್ರಾಯದ ಗಂಡುಗಳಲ್ಲಿ ಶೇ. 8ರಿಂದ 10ರಷ್ಟಿದ್ದ ಸೋಂಕು 2010ರ ದಶಕದ ನಡುವಿಗೆ ಶೇ. 30ನ್ನು ಮೀರಿತು. ನೆರೆಯ ಇಲಿನಾಯ್ ರಾಜ್ಯದಲ್ಲೂ 2002ರಲ್ಲೇ ರೋಗ ಸಿಕ್ಕಿತ್ತು. ಅದು ಇಡೀ ಪ್ರದೇಶವನ್ನು ಬರಿದುಮಾಡುವ ಮಾತಾಡದೆ, ಸೋಂಕು ಸಿಕ್ಕ ಚಿಕ್ಕ ಚಿಕ್ಕ ತಾಣಗಳಲ್ಲಿ ಮಾತ್ರ, ಬೇಟೆಯ ಕಾಲ ಮುಗಿದ ಮೇಲೆ, ಪ್ರತಿ ಚಳಿಗಾಲದಲ್ಲೂ ಸರ್ಕಾರಿ ಗುರಿಕಾರರಿಂದ ಜಿಂಕೆಗಳನ್ನು ತೆಗೆಸುತ್ತ ಬಂದು, ಒಂದು ದಶಕದವರೆಗೆ ಸೋಂಕನ್ನು ಶೇ. 1ರ ಆಸುಪಾಸಿನಲ್ಲೇ ಹಿಡಿದಿಟ್ಟಿತು. ಒಂದೇ ರೋಗ, ಒಂದೇ ಜಾತಿಯ ಜಿಂಕೆ, ನಡುವೆ ರಾಜ್ಯದ ಗಡಿಯ ಒಂದು ಗೆರೆ. ವಿಸ್ಕಾನ್ಸಿನ್ ಸೋತದ್ದು ವಿಜ್ಞಾನದಲ್ಲಲ್ಲ. ಕಾವಲಿಗೆ ತಲೆ ತಂದುಕೊಡುತ್ತಿದ್ದ ಕೈಗಳಿಗೇ ಕೊಲೆಯ ಹೊಣೆಯನ್ನೂ ಹೊರಿಸಿದಾಗ, ಎರಡಕ್ಕೂ ಬೇಕಾಗಿದ್ದ ವಿಶ್ವಾಸ ಒಟ್ಟಿಗೇ ಕರಗಿತು.

ವಿಸ್ಕಾನ್ಸಿನ್‌ನ ಸುದ್ದಿಯ ಬಳಿಕ ಅಮೆರಿಕದ ಬಹುತೇಕ ರಾಜ್ಯಗಳು ತಂತಮ್ಮ ಕಾಡುಗಳಲ್ಲಿ ಹುಡುಕತೊಡಗಿದವು. ಅವುಗಳ ಲೆಕ್ಕಾಚಾರ ಸರಳವಾಗಿತ್ತು: ಒಂದು ಪ್ರದೇಶದಿಂದ ಗೊತ್ತುಗುರಿಯಿಲ್ಲದೆ ಆಯ್ದ ಸುಮಾರು 300 ಜಿಂಕೆಗಳಲ್ಲಿ ಒಂದರಲ್ಲೂ ರೋಗ ಸಿಗದಿದ್ದರೆ, ಅಲ್ಲಿನ ಸೋಂಕು ಶೇ. 1ಕ್ಕಿಂತ ಕಡಿಮೆಯೆಂದು ಶೇ. 95ರಷ್ಟು ಭರವಸೆಯಿಂದ ಹೇಳಬಹುದು. ಗಣಿತದಲ್ಲಿ ತಪ್ಪಿಲ್ಲ, ಆದರೆ ರೋಗ ಕಾಡಿನ ಮೇಲೆ ಸಮನಾಗಿ ಹರಡಿರುತ್ತದೆಂಬ ಊಹೆ ಅದರೊಳಗೆ ಅಡಗಿದೆ, ಮತ್ತು ಸೊರಗು ರೋಗ ಒಂದು ಕಣಿವೆಯಲ್ಲಿ ಗುಂಪುಗಟ್ಟಿಕೊಂಡು ಪಕ್ಕದ ಕಣಿವೆಯಲ್ಲಿ ಲವಲೇಶವೂ ಇಲ್ಲದಿರಬಲ್ಲದು. ಅರ್ಕನ್ಸಾ ರಾಜ್ಯವು 1990ರ ದಶಕದ ಕೊನೆಯಿಂದಲೂ ಮಾದರಿಗಳನ್ನು ಪರೀಕ್ಷಿಸುತ್ತ, ಏನೂ ಸಿಗದೆ ನಿಶ್ಚಿಂತವಾಗಿತ್ತು. 2015ರಲ್ಲಿ ನ್ಯೂಟನ್ ಕೌಂಟಿಯಲ್ಲಿ ಬೇಟೆಯಾದ ಎಲ್ಕ್ ಒಂದರಲ್ಲಿ ಸೋಂಕು ಸಿಕ್ಕಿದ್ದು 2016ರ ಫೆಬ್ರವರಿಯಲ್ಲಿ ಪ್ರಕಟವಾಗಿ, ಸುತ್ತಲಿನ ಪ್ರದೇಶದಲ್ಲಿ 266 ಬಿಳಿಬಾಲದ ಜಿಂಕೆಗಳನ್ನು ಹೊಡೆದು ನೋಡಿದಾಗ ಅವುಗಳಲ್ಲಿ ಶೇ. 23ರಷ್ಟು ಸೋಂಕಿತವಾಗಿದ್ದವು. ಅಷ್ಟು ಬೆಳೆಯಬೇಕಾದರೆ ರೋಗ ಹಲವಾರು ವರ್ಷಗಳಿಂದ ಅಲ್ಲಿ ಬೇರುಬಿಟ್ಟಿರಲೇಬೇಕು. ಕಾವಲುಗಾರರು ಎಚ್ಚರವಾಗಿದ್ದೂ ತಪ್ಪು ದಿಕ್ಕಿಗೆ ನೋಡುತ್ತಿದ್ದರು.

ಈ ಪೆಟ್ಟುಗಳಿಂದ ಕಾವಲು ಜಾಣತನ ಕಲಿಯಿತು. ಕೊಲೊರಾಡೊದ ಅಧ್ಯಯನಗಳು ವಾಹನಕ್ಕೆ ಸಿಕ್ಕಿ ಸತ್ತ ಜಿಂಕೆಗಳಲ್ಲೂ ಪ್ಯೂಮಾ ಕೊಂದವುಗಳಲ್ಲೂ ಸೋಂಕಿನ ಪ್ರಮಾಣ ಸುತ್ತಲಿನ ಹಿಂಡಿಗಿಂತ ಹೆಚ್ಚಿರುವುದನ್ನು ತೋರಿಸಿದ್ದವು, ಏಕೆಂದರೆ ಮೆದುಳು ಮಂಕಾದ ಪ್ರಾಣಿ ಹೊರಗೆ ಸರಿಯಾಗಿ ಕಂಡರೂ ಅಪಾಯದಿಂದ ಬೇಗ ಸರಿಯಲಾರದು. ಪ್ರಾಯದ ಗಂಡುಗಳಲ್ಲಿ ಸೋಂಕು ಹೆಣ್ಣುಗಳಿಗಿಂತ ಸುಮಾರು ಎರಡು ಪಟ್ಟು. ಆದ್ದರಿಂದ ಎಲ್ಲ ಮಾದರಿಯನ್ನೂ ಒಂದೇ ತೂಕದಲ್ಲಿ ಎಣಿಸದೆ, ಹೀಗೆ ಸತ್ತ ಪ್ರಾಣಿಗೆ, ವಯಸ್ಸಾದ ಗಂಡಿಗೆ ಹೆಚ್ಚು ಅಂಕ ಕೊಟ್ಟು ಹುಡುಕುವ ಪದ್ಧತಿ ಬಂತು. ಕೊಲೊರಾಡೊ 2017ರಿಂದ ತನ್ನ ಬೇಟೆಯ ಪ್ರದೇಶಗಳನ್ನು ಸರದಿಯಂತೆ ಆರಿಸಿ, ಆಯಾ ವರ್ಷ ಅಲ್ಲಿ ಬೇಟೆಯಾಡುವವರು ತಲೆ ತಂದೊಪ್ಪಿಸುವುದನ್ನು ಕಡ್ಡಾಯಗೊಳಿಸಿತು. ಗಂಡುಗಳಲ್ಲಿ ಸೋಂಕು ಶೇ. 5ನ್ನು ದಾಟಿದ ಹಿಂಡುಗಳಲ್ಲಿ ಬೇಟೆಯ ಪರವಾನಗಿಗಳನ್ನು ಹೆಚ್ಚಿಸುವುದು ಅದರ ಕ್ರಮ. ಒಂದು ವರ್ಷ ಎಲ್ಲೆಡೆ ಅಲ್ಲ, ಒಂದೆಡೆ ಚೆನ್ನಾಗಿ ಎಂಬ ಈ ನಿಲುವು ವಿಸ್ಕಾನ್ಸಿನ್‌ನ ಅಬ್ಬರಕ್ಕಿಂತ ಬಾಳಿಕೆ ಬರುವಂಥದು.

ಯುರೋಪಿನಲ್ಲಿ ಈ ರೋಗವೇ ಇಲ್ಲವೆಂದು ನಂಬಲಾಗಿದ್ದ ಕಾಲದಲ್ಲಿ, 2016ರ ಮಾರ್ಚ್‌ನಲ್ಲಿ, ನಾರ್ವೆಯ ನೂರ್ಡ್‌ಫ್ಯೆಲ್ಲ ಪರ್ವತಪ್ರದೇಶದಲ್ಲಿ ಹಿಮಸಾರಂಗಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಲು ಹೆಲಿಕಾಪ್ಟರಿನಲ್ಲಿ ಹೋಗಿದ್ದ ಸಂಶೋಧಕರಿಗೆ ಸಾಯುತ್ತಿದ್ದ ಒಂದು ಹೆಣ್ಣು ಸಿಕ್ಕಿತು. ಅದನ್ನು ಹಿಮದಲ್ಲೇ ಬಿಟ್ಟು ಬರದೆ ಪರೀಕ್ಷೆಗೆ ಒಯ್ದದ್ದರಿಂದ ಯುರೋಪಿನ ಮೊದಲ ಪ್ರಕರಣ ಬೆಳಕಿಗೆ ಬಂತು. ಅದರ ಬೆನ್ನಿಗೇ ಸೆಲ್ಬು ಎಂಬಲ್ಲಿ ಎರಡು ಮೂಸ್‌ಗಳಲ್ಲಿ, ಅಂದರೆ ಜಿಂಕೆ ವರ್ಗದಲ್ಲೇ ಅತಿ ದೊಡ್ಡ ಪ್ರಾಣಿಗಳಲ್ಲಿ, ರೋಗ ಕಂಡಿತು. ಮುಂದೆ ಫಿನ್ಲೆಂಡ್ ಮತ್ತು ಸ್ವೀಡನ್ನಿನ ಮೂಸ್‌ಗಳಲ್ಲೂ ಸಿಕ್ಕಿತು. ಮೂಸ್‌ಗಳದು ಮುದಿ ಪ್ರಾಣಿಗಳಲ್ಲಿ ಬಿಡಿಬಿಡಿಯಾಗಿ ಕಾಣಿಸುವ, ದುಗ್ಧಗ್ರಂಥಿಯಲ್ಲಿ ಶೇಖರವಾಗದ ಬೇರೆಯೇ ಬಗೆಯೆಂದು ಅನಂತರ ತಿಳಿಯಿತು. ಹಿಮಸಾರಂಗದ್ದು ಮಾತ್ರ ಅಮೆರಿಕದ್ದರಂತೆ ಹಿಂಡಿನಿಂದ ಹಿಂಡಿಗೆ ಹರಡಬಲ್ಲದ್ದು.

ನಾರ್ವೆ ಬೇಗ ನಿರ್ಧರಿಸಿತು. ನೂರ್ಡ್‌ಫ್ಯೆಲ್ಲದ ಆ ಭಾಗದ ಹಿಂಡನ್ನು, 2,000ಕ್ಕೂ ಹೆಚ್ಚು ಪ್ರಾಣಿಗಳನ್ನು, 2018ರ ವಸಂತದೊಳಗೆ ಪೂರ್ತಿಯಾಗಿ ತೆಗೆದು, ಆ ಬೆಟ್ಟಗಳನ್ನು ವರ್ಷಗಳ ಕಾಲ ಖಾಲಿ ಬಿಡಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಮೊದಲು ಸ್ಥಳೀಯ ಬೇಟೆಗಾರರಿಗೆ ಅವಕಾಶವಿತ್ತು; ಉಳಿದವನ್ನು ಸರ್ಕಾರದ ಗುರಿಕಾರರು ಚಳಿಗಾಲದ ಹಿಮದಲ್ಲಿ ಹಿಂಬಾಲಿಸಿ ಮುಗಿಸಿದರು. ಆ ಹಿಂಡಿನಲ್ಲಿ ಒಟ್ಟು ಸಿಕ್ಕ ಸೋಂಕಿತ ಪ್ರಾಣಿಗಳು 19. ಕುರಿಗಳಿಗಾಗಿ ಇಟ್ಟಿದ್ದ ಉಪ್ಪಿನ ಗಡ್ಡೆಗಳ ಸುತ್ತ ಹಿಮಸಾರಂಗಗಳು ಸೇರಿ ನೆಕ್ಕುತ್ತಿದ್ದುದರಿಂದ, ಅಂಥ ಜಾಗಗಳಿಗೂ ಬೇಲಿ ಬಿತ್ತು. 19 ರೋಗಿಗಳಿಗಾಗಿ ಎರಡು ಸಾವಿರಕ್ಕೂ ಮಿಕ್ಕಿದ ಸಾವು ಕ್ರೂರವಾಗಿ ಕಾಣುತ್ತದೆ, ಮತ್ತು ಅದನ್ನು ಕಣ್ಣಾರೆ ಕಂಡ ಬೆಟ್ಟದ ಜನರ ನೋವು ಸುಳ್ಳಲ್ಲ. ಆದರೆ ಫೋರ್ಟ್ ಕಾಲಿನ್ಸ್‌ನ ಮಣ್ಣನ್ನೂ ವಿಸ್ಕಾನ್ಸಿನ್‌ನ ಅಂಕಿಗಳನ್ನೂ ಬಲ್ಲವರಿಗೆ, ರೋಗ ಇನ್ನೂ ಎಳೆಯದಾಗಿದ್ದಾಗ ಬುಡಸಮೇತ ಕೀಳುವ ಅವಕಾಶ ಎರಡನೆಯ ಸಲ ಬರುವುದಿಲ್ಲವೆಂಬುದೂ ಗೊತ್ತಿತ್ತು.

ಖಾಲಿಯಾದ ಬೆಟ್ಟಗಳ ದಕ್ಷಿಣಕ್ಕೆ, ಯುರೋಪಿನ ಅತಿ ದೊಡ್ಡ ಕಾಡು ಹಿಮಸಾರಂಗ ಸಮೂಹದ ನೆಲೆಯಾದ ಹರ್ಡಾಂಗರ್‌ವಿಡ್ಡ ಪ್ರಸ್ಥಭೂಮಿಯಿದೆ. 2020ರ ಸೆಪ್ಟೆಂಬರಿನಲ್ಲಿ, ಬೇಟೆಗಾರನೊಬ್ಬ ನಿಯಮದಂತೆ ಪರೀಕ್ಷೆಗೆ ಒಪ್ಪಿಸಿದ ಮಾದರಿಯಲ್ಲಿ, ಅಲ್ಲಿನ ಮೊದಲ ಸೋಂಕು ಪತ್ತೆಯಾಯಿತು. ಅದೊಂದು ಪ್ರಾಯದ ಗಂಡು, ನೋಡಲು ಆರೋಗ್ಯವಾಗಿತ್ತು.